ಎದುರುಮನೆ ವಕೀಲರ ಪಾಟೀಸವಾಲು

ಚಿತ್ತಾಪುರದ ನಮ್ಮ ಎದುರುಮನೆಯ ವಕೀಲರು ಸೌತೆಕಾಯಿ ಮಾರುವವಳನ್ನೂ ಬಿಡುತ್ತಿರಲಿಲ್ಲ. "ತಾಜಾ ಅದಾವ್ರಿ" ಎಂದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ "ಸಾಬೀತ್ ಮಾಡವಾ" ಎನ್ನುತ್ತಿದ್ದರು. ಅವಳು ಒಂದನ್ನು ಮುರಿದು ತೋರಿಸಿದರೆ ಆ ಸಾಕ್ಷಿಯನ್ನು ಇವರೇ ತಿಂದು ಮುಗಿಸುತ್ತಿದ್ದರು.

ಲಾ ಓದಿ ರಾವೂರ ಕಲ್ಲುಗಣಿಯ ಕೂಲಿಕಾರರ ಪರ ವಾದಿಸಬೇಕೆಂಬುದು ನನ್ನ ಹಟ. ಗುಲಬರ್ಗಾದ ಕಾಲೇಜು ಅಪ್ಪನ ಸಂಬಳಕ್ಕೆ ಎಟುಕುತ್ತಿತ್ತು. ನನಗೆ ಮಾತ್ರ ದೊಡ್ಡ ಹೆಸರಿನ ಹೈದರಾಬಾದೇ ಬೇಕಿತ್ತು. ಅದಕ್ಕೆ ಸಾಲ ಕೊಡಲು ಒಪ್ಪಿದವನು ಅದೇ ಗಣಿಯ ಮಾಲೀಕ.

"ಸಾಲ ಬ್ಯಾರೆ, ವಾದ ಬ್ಯಾರೆ ರೀ ಕಾಕಾ," ಎಂದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ನಾಲಿಗೆ ನನ್ನದು.

"ಸಾಬೀತ್ ಮಾಡಪಾ," ಎಂದು ವಕೀಲರು ಕಟ್ಟೆಯ ಮೇಲೆ ಕಾಲಮೇಲೆ ಕಾಲು ಹಾಕಿ ಕುಳಿತರು. "ಈಗ ನಾನೇ ಆ ಮಾಲೀಕ. ಪಾಟೀಸವಾಲು ನಡಸು."

ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಕೇಳಿದೆ: "ಕೂಲಿಕಾರರ ಪಗಾರ ಯಾಕ ಕೊಟ್ಟಿಲ್ರಿ, ಧಣ್ಯಾರ?"

ವಕೀಲರು ಕೆಮ್ಮು ಬರುವಷ್ಟು ನಕ್ಕರು. "ರೊಕ್ಕ ಇನ್ನೂ ಕೈಗೇ ಬಂದಿಲ್ಲ, ಆಗಲೇ ಅವ ನಿನಗ ಧಣ್ಯಾರೇನೋ ಮಗನಾ?"

ಅದು ಬರೀ ಮರ್ಯಾದೆಯ ಮಾತು ಎಂದು ನಾನು ಈಗಲೂ ವಾದಿಸಬಲ್ಲೆ. ಗುಲಬರ್ಗಾದ ಕಾಲೇಜಿಗೆ ಹೆಸರು ಹಚ್ಚಲು ಹೋದ ದಿನ ಗಾಡಿಯಲ್ಲಿ ದಾರಿಯುದ್ದಕ್ಕೂ ಅದನ್ನೇ ವಾದಿಸುತ್ತ ಹೋದೆ.