ಕೂಗದೆ ಮಾರುವ ಬಾನಾ ಲುಬುಟೊ

ಕಿರ್ರ್ ಎಂದು ಮೊಳೆ ಕಿತ್ತು ಬರುವ ಸಣ್ಣ ಸದ್ದು. ನಾಲ್ಕೂವರೆ ಗಂಟೆ, ಇನ್ನೂ ಕತ್ತಲೆ. ಕಾಬ್ವೆ ಊರಿನ ಸಗಟು ಅಂಗಳದಲ್ಲಿ ಬಾನಾ ಲುಬುಟೊ ಟೊಮೆಟೊ ಪೆಟ್ಟಿಗೆಯ ಹಲಗೆ ಎತ್ತಿ, ಒಳಗೆ ಕೈ ತೂರಿಸಿ, ತಳದ ಹಣ್ಣು ಒತ್ತಿ ನೋಡುತ್ತಾರೆ. ಬೇಡವೆಂದು ತಲೆಯಾಡಿಸುತ್ತಾರೆ.

"ಬಾಯಿ ಬಿಟ್ಟು ಹೇಳಬಾರದಾ ತಾಯಿ?" ಲಾರಿಯವನು ರೇಗುತ್ತಾನೆ. ಅವರು ಕುತ್ತಿಗೆಗೆ ಸುತ್ತಿದ ಬಟ್ಟೆ ತೋರಿಸಿ ಮುಂದಿನ ಪೆಟ್ಟಿಗೆಗೆ ಹೋಗುತ್ತಾರೆ.

ಮಗ ಲುಬುಟೊ ಹುಟ್ಟಿದಂದಿನಿಂದ ಅವರು ಊರಿಗೆಲ್ಲ 'ಬಾನಾ ಲುಬುಟೊ', ಅಂದರೆ ಲುಬುಟೊನ ಅಮ್ಮ. ಹಿಂದೆ ಕಂಡವರ ಮನೆಯ ಬಟ್ಟೆ ಒಗೆಯುತ್ತಿದ್ದರು. ಹನ್ನೊಂದು ವರ್ಷದಿಂದ ಮಾರುಕಟ್ಟೆಯ ಟೊಮೆಟೊ ಸಾಲಿನಲ್ಲಿ ಕೂರುತ್ತಾರೆ. ಈ ಜಾಗ ಹೋದರೆ ಮತ್ತೆ ಒಗೆಯುವ ಕಲ್ಲೇ ಗತಿ. ಬಾಡಿಗೆ ಕಟ್ಟಲಾಗದೆ ಈ ವರ್ಷ ಎರಡು ಸಲ ಹೋಗುವುದರಲ್ಲಿತ್ತು.

ಸಾಲಿನಲ್ಲಿ ಇಪ್ಪತ್ಮೂರು ಹೆಂಗಸರು. ಅದೇ ಲಾರಿಯ ಹಣ್ಣು, ಗುಡ್ಡೆಗೆ ಅದೇ ಹತ್ತು ಕ್ವಾಚಾ ಬೆಲೆ, ಮೇಲೆ ಅದೇ ಮೂರು ಹಣ್ಣು ಕೊಸರು. ಮೂರನೇ ದಿನಕ್ಕೆ ಎಲ್ಲರದೂ ಒಂದೇ ರೀತಿ ಕೊಳೆಯುತ್ತದೆ.

ಬಾಗಿಲು ಹಾಕಿದ ಮನೆಯೊಳಗೆ ಮಾತ್ರ ಅವರು, ಅವರ ಬಗ್ಗೆ ಬರೆಯಲು ಬಂದ ನನ್ನೊಡನೆ ಗಟ್ಟಿಯಾಗಿ ಮಾತಾಡುತ್ತಾರೆ. "ಹಸಿರು ಕೊಡೆ ಹಾಕ್ದೆ. ನಾಲ್ಕೇ ದಿನಕ್ಕೆ ಸಾಲೆಲ್ಲ ಹಸಿರು! ಹಣ್ಣು ಒರೆಸಿಟ್ಟೆ, ಎಲ್ಲರೂ ಒರೆಸಿದ್ರು. ಕೊಸರು ಎರಡಿದ್ದಿದ್ದನ್ನ ಮೂರು ಮಾಡ್ದೆ, ಮಾರನೇ ದಿನ ಎಲ್ಲರದೂ ಮೂರು. ಲಾಭ ಹೋಯ್ತು, ಗಿರಾಕೀನೂ ಬರ್ಲಿಲ್ಲ. ನಾನು ಸೀನಿದ್ರೂ ಸೀನ್ತಾರೆ ಇವರು!"

ವ್ಯಾಪಾರ ಕಲಿಸಲು ನಮಕಾವು ಎಂಬ ತರುಣಿ ಬಂದಿದ್ದಳು. 'ನಿಮ್ಮಲ್ಲಿ ಮಾತ್ರ ಇರುವುದೇನು?' ಎಂದು ಕೇಳಿ ಚೀಟಿ ಹಂಚಿದಳು. ಇಪ್ಪತ್ಮೂರು ಚೀಟಿಯಲ್ಲೂ 'ಒಳ್ಳೆಯ ಹಣ್ಣು, ನಗುಮುಖ' ಎಂದೇ ಇತ್ತು.

"ಮೊದಲು ಬರೆದವಳು ನಾನೇ. ಪಕ್ಕದವಳು ಬಗ್ಗಿ ನೋಡಿದ್ಲು," ಎನ್ನುತ್ತಾರೆ ಬಾನಾ ಲುಬುಟೊ, ಹಣೆ ಚಚ್ಚಿಕೊಳ್ಳುತ್ತಾ.

ಜೂನ್ ಎಂದರೆ ಇಲ್ಲಿ ಚಳಿಗಾಲ; ಆ ಚಳಿಗೆ ಅವರ ಗಂಟಲು ಕಟ್ಟಿತು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡರು. ಕೂಗದಿದ್ದರೆ ಆ ಸಾಲಿನಲ್ಲಿ ಬದುಕೇ ಇಲ್ಲ. 'ಅಮ್ಮಾ ಬನ್ನಿ, ಬಾಸ್ ಇಲ್ಲಿ' ಎಂದು ಕಿರುಚಬೇಕು, ಗಿರಾಕಿಯ ಕೈ ಹಿಡಿದು ಎಳೆಯಬೇಕು. ಕಥೆ ಮುಗಿಯಿತೆಂದು ಅವರು ಸುಮ್ಮನೆ ಕೂತರು. ಸಂಜೆಗೂ ಮುಗಿಯದ ಪೆಟ್ಟಿಗೆ ಮಧ್ಯಾಹ್ನ ಎರಡಕ್ಕೇ ಖಾಲಿ. ಮಾರನೇ ದಿನವೂ ಹಾಗೇ. ತಡೆಯಲಾರದೆ, ದಿನವೂ ಬರತೊಡಗಿದ್ದ ಸಿಚೋನೆ ಟೀಚರನ್ನು ಪಿಸುದನಿಯಲ್ಲಿ ಕೇಳಿದರು: ನನ್ನ ಹತ್ತಿರವೇ ಯಾಕೆ?

"ನೀವೊಬ್ಬರೇ ಕಣ್ರೀ ನನ್ನ ಪಾಡಿಗೆ ನನ್ನನ್ನ ಬಿಡೋದು! ಇಲ್ಲಿ ನಿಂತ್ರೆ ಮನೇಲಿ ಈರುಳ್ಳಿ ಇದೆಯೋ ಇಲ್ವೋ ಅಂತಾದ್ರೂ ನೆನಪಾಗತ್ತೆ."

ದನಿ ಮೂರೇ ವಾರಕ್ಕೆ ಮರಳಿತು. ಕುತ್ತಿಗೆಯ ಬಟ್ಟೆ ಮಾತ್ರ ಮೂರು ತಿಂಗಳಾದರೂ ಬಿಚ್ಚಿಲ್ಲ. "ನೀವು ನಿಮ್ಮ ಲಿಪೀಲಿ ಬರೀರಿ. ಅದನ್ನ ಓದೋರು ಈ ಸಾಲಲ್ಲಿ ಇಲ್ಲ. ಹೆಸರು ಮಾತ್ರ ಸರಿಯಾಗಿ ಬರೀರಿ," ಎನ್ನುತ್ತಾರೆ.

ಏಳು ಗಂಟೆ. ಸಾಲು ಕೂಗಲು ಶುರುಮಾಡಿದೆ. ಪಕ್ಕದ ಬಾನಾ ಕಪೆಂಬ್ವಾ ದಿನದಂತೆ ಶುಂಠಿ ನೀರು ತಂದಿದ್ದಾರೆ.

"ಕುಡಿಯೇ ಅಕ್ಕಾ. ಪಾಪ, ದನಿಯಿಲ್ಲದೆ ಹೇಗೆ ಮಾರ್ತೀಯೋ! ನಾನು ಇಷ್ಟು ಕಿರುಚಿದ್ರೂ ನಿನ್ನೆ ಒಂಬತ್ತು ಗುಡ್ಡೆ ಉಳೀತು."

ಬಾನಾ ಲುಬುಟೊ ಲೋಟ ಹಿಡಿದು ಆಕೆಯ ಕೊಳೆಯತೊಡಗಿದ ಗುಡ್ಡೆಗಳನ್ನು ನೋಡುತ್ತಾರೆ. ತುಟಿ ತೆರೆಯುತ್ತದೆ. ಹೇಳಿಬಿಡುತ್ತಾರೇನೋ ಎಂದು ನಾನು ಬರೆಯುವುದನ್ನು ನಿಲ್ಲಿಸುತ್ತೇನೆ. ಈಕೆಗೆ ಹೇಳಿದರೆ ಸೋಮವಾರದೊಳಗೆ ಇಪ್ಪತ್ಮೂರು ಕುತ್ತಿಗೆಗೂ ಬಟ್ಟೆ.

ಶುಂಠಿ ನೀರನ್ನು ಒಂದೇ ಗುಟುಕಿಗೆ ಕುಡಿದು, ಮುಖ ಕಿವುಚಿ, ತಮ್ಮ ಗುಡ್ಡೆಯಿಂದ ನಾಲ್ಕು ಗಟ್ಟಿ ಹಣ್ಣು ತೆಗೆದು ಬಾನಾ ಕಪೆಂಬ್ವಾರ ಮಡಿಲಿಗೆ ಹಾಕುತ್ತಾರೆ. ಗಂಟಲು ಮುಟ್ಟಿಕೊಂಡು, ದನಿ ಇನ್ನೂ ಇಲ್ಲವೆಂದು ತಲೆಯಾಡಿಸುತ್ತಾರೆ.