ಡಬ್ಬಿಯಲ್ಲಿ ಬಂದ ಮಾತು

ನನ್ನ ಮಗನಿಗೆ ಹನ್ನೆರಡು ತುಂಬಿದರೂ ಮಾತು ಬಂದಿರಲಿಲ್ಲ. ಹಾಗಂತ ನಮಗೆ ಸಹಾಯವೇ ಸಿಗಲಿಲ್ಲ ಎಂದರೆ ಪಾಪ ಬಂದೀತು. ಸಹಾಯ ಬೇಕಾದಷ್ಟು ಸಿಕ್ಕಿತು. ಹೊನ್ನಾವರದಲ್ಲಿ ನಡೆದ ಒಂದು ಶಿಬಿರದಲ್ಲಿ ಅವನಿಗೆ ಒಂದು ಜೊತೆ ಊರುಗೋಲು ಕೊಟ್ಟರು. ಅವನೋ ನಿಂತಲ್ಲಿ ನಿಲ್ಲದೆ ಓಡುವ ಹುಡುಗ. ಊರುಗೋಲು ಹಿಡಿಸಿ ಫೋಟೊ ತೆಗೆಯಬೇಕೆಂದು ಇಬ್ಬರು ದೊಡ್ಡವರು ವೇದಿಕೆ ತುಂಬ ಅವನ ಹಿಂದೆ ಓಡಿದರು.

"ಇವನ ಕಾಲು ಸರಿ ಇದೆ ಸರ್, ಮಾತು ಬರೋದಿಲ್ಲ ಅಷ್ಟೇ" ಎಂದು ನಾನು ಮೆಲ್ಲಗೆ ಹೇಳಿದೆ.

"ಇರ್ಲಿ ಮೇಡಂ, ಈ ಸಲ ಬಂದಿದ್ದು ಇದೇ" ಎಂದರು.

ಈಗ ಅದರಲ್ಲಿ ನುಗ್ಗೆಕಾಯಿ ಕೊಯ್ಯುತ್ತೇವೆ. ಉದ್ದ ಸರಿಯಾಗಿದೆ. ಇನ್ನು ಅವನ ಅಂಗವೈಕಲ್ಯದ ಪ್ರಮಾಣಪತ್ರ. ಅದನ್ನು ಆಗಾಗ ನವೀಕರಿಸಬೇಕಿತ್ತು, ನಡುವೆ ಆಟಿಸಂ ತಾನಾಗಿ ಬಿಟ್ಟುಹೋಗಿದೆಯೋ ಎಂದು ನೋಡಲಿಕ್ಕೆ. ಪ್ರತಿ ಸಲವೂ ಅದು ಅಲ್ಲೇ ಇರುತ್ತಿತ್ತು. ಪ್ರತಿ ಸಲವೂ ನಮಗಿಂತ ಅವರಿಗೇ ಹೆಚ್ಚು ಆಶ್ಚರ್ಯವಾದಂತೆ ಕಾಣುತ್ತಿತ್ತು.

ನಿಜವಾಗಿ ಅವನನ್ನು ಒಳಗೆ ಕರೆದು ಕೂರಿಸಿಕೊಂಡದ್ದು ಕುಮಟಾದ ಒಂದು ಸಣ್ಣ ಕೇಂದ್ರ. ಬಾಡಿಗೆ ಮನೆ, ಮುಂದೆ ಜಾರುಬಂಡಿ, ಒಳಗೆ ಬೆರಳೆಣಿಕೆಯ ಮಕ್ಕಳು. ಬೆಳಿಗ್ಗೆ ಭಟ್ಕಳದಿಂದ ಹೊರಡುವ ವ್ಯಾನು ಶರಾವತಿ ಸೇತುವೆ ದಾಟಿ, ಹೊನ್ನಾವರದ ನಮ್ಮ ಮನೆಯ ಗೇಟಿನ ಮುಂದೆ ನಿಂತು, ಅವನನ್ನು ಹತ್ತಿಸಿಕೊಂಡು ಹೋಗುತ್ತದೆ. ಬೇರೆ ಶಾಲೆಗಳೆಲ್ಲ "ನಮ್ಮಲ್ಲಿ ಬೇಡ, ಉಳಿದ ಮಕ್ಕಳಿಗೆ ತೊಂದರೆ" ಎಂದು ನಯವಾಗಿ ವಾಪಸು ಕಳಿಸಿದ್ದವು. ಈ ಕೇಂದ್ರವೂ ಕೈತಪ್ಪಿದರೆ ಅವನಿಗೆ ಉಳಿಯುವುದು ನಮ್ಮ ಜಗಲಿ ಮತ್ತು ಟೀವಿ. ಹಾಗಾಗಿ ಕಳಿಸುವ ಮೊದಲು ನಾನು ನಮ್ಮತ್ತೆಯ ಒಪ್ಪಿಗೆ ಕೇಳಿದ್ದು ಬರೀ ಮರ್ಯಾದೆಗೆ ಅಲ್ಲ, ಹೆದರಿ.

ಅತ್ತೆ ಜಪಮಣಿ ಕೆಳಗಿಡದೆ ಹೇಳಿದರು, "ಕಳ್ಸು. ಆದ್ರೆ ಊಟ ಮಾತ್ರ ಮನೆದೇ ಆಗವು."

ನಮ್ಮದು ಈರುಳ್ಳಿಯನ್ನೂ ವಾರ ನೋಡಿ ಹೆಚ್ಚುವ ಮನೆ. ಮೀನು ಎಂಬ ಶಬ್ದವನ್ನು ಅತ್ತೆ ಬಾಯಲ್ಲಿ ತರುವವರಲ್ಲ, "ಅದು" ಎನ್ನುತ್ತಾರೆ. ಮೀನುಪೇಟೆಯ ದಾರಿ ಅವರಿಗೆ "ಅದರ ದಾರಿ". ನಾನು ದಿನಾ ಬೆಳಿಗ್ಗೆ ಎದ್ದು ಸ್ಟೀಲ್ ಡಬ್ಬಿಯ ಕೆಳಗಿನ ಅಂತಸ್ತಿಗೆ ಅನ್ನ, ಮೇಲಿನದಕ್ಕೆ ಒಂದೆಲಗದ ತಂಬುಳಿ ತುಂಬಿ, ನಾನು ಓದಿದ ಕಾನ್ವೆಂಟಿನ ಅಭ್ಯಾಸದಂತೆ ಮೇಲೊಂದು ಮಡಿಸಿದ ಕರವಸ್ತ್ರ ಇಟ್ಟು ಕಳಿಸುತ್ತಿದ್ದೆ. ಡಬ್ಬಿ ಹಾಗೇ ವಾಪಸು ಬರುತ್ತಿತ್ತು. ಕರವಸ್ತ್ರದ ಮಡಿಕೆ ಕೂಡ ಬಿಚ್ಚಿರುತ್ತಿರಲಿಲ್ಲ.

ಆಮೇಲೆ ಒಂದು ದಿನ ಡಬ್ಬಿ ಖಾಲಿ ಬಂತು. ಮಾರನೆಯ ದಿನವೂ ಬಂತು. ಒಗ್ಗರಣೆಗೆ ಜೀರಿಗೆ ಸ್ವಲ್ಪ ಹೆಚ್ಚು ಹಾಕಿದ್ದೇ ಕಾರಣ ಎಂದು ನಾನು ತೀರ್ಮಾನಿಸಿದೆ. ನನಗೆ ಬಂದ ಬಿಗುಮಾನ ಅಷ್ಟಿಷ್ಟಲ್ಲ. ಅದೇ ವ್ಯಾನಿನಲ್ಲಿ ಬರುವ ಭಟ್ಕಳದ ಹುಡುಗಿಯೊಬ್ಬಳ ತಾಯಿ ನನ್ನ ಗೆಳತಿ. ನವಾಯತ ಮುಸ್ಲಿಮರು, ಮಾತಿಗೆ ಕೂತರೆ ನಗಿಸಿಯೇ ಕಳಿಸುವ ಹೆಂಗಸು. ಅವರ ಮಗಳಿಗೆ ಹುಟ್ಟಿನಿಂದ ಕೈಬೆರಳು ಬಿಗಿ, ಊಟವೂ ಅಷ್ಟಕ್ಕಷ್ಟೇ. ಅವರಿಗೆ ಫೋನ್ ಮಾಡಿ ನನ್ನ ಜೀರಿಗೆಯ ವಿಷಯ ಹೇಳಿಕೊಂಡೆ.

"ಅರೆ ಅಕ್ಕಾ, ನಮ್ದೂ ಅದೇ ಕತೆ!" ಎಂದರು. "ಈಗ ಪೂರಾ ಡಬ್ಬಿ ಖಾಲಿ. ನಾನು ಬಂಗಡೆಗೆ ತೆಂಗಿನಹಾಲು ಹಾಕಿದ ಮೇಲೆ ನೋಡಿ, ಹುಡುಗಿ ನಾಲಿಗೆಗೆ ರುಚಿ ಹತ್ತಿತು."

"ಒಳ್ಳೇದಾಯ್ತು ತಂಗಿ. ಕೈಗುಣ ನಿಮ್ದು."

"ನಿಮ್ದೂ ಅಕ್ಕಾ, ನಿಮ್ದೂ."

ಹೀಗೆ ನಾವಿಬ್ಬರೂ ಒಬ್ಬರ ಕೈಗುಣವನ್ನು ಇನ್ನೊಬ್ಬರು ಹೊಗಳುತ್ತ ಒಂದು ಮಳೆಗಾಲ ಕಳೆದೆವು.

ಅದೊಂದು ಭಾನುವಾರ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅತ್ತೆ ಮೊಮ್ಮಗನ ಬಾಳೆಲೆಗೆ ತುಪ್ಪ ಹಾಕಿದರು. ಅವನು ಎಲೆಯನ್ನು ನೋಡಿದ. ಎಡಗೈಯಿಂದ ಅದನ್ನು ಒಂದಿಷ್ಟು ಆಚೆ ಸರಿಸಿದ. ತಲೆ ಎತ್ತಿ, ಯಾವ ಅವಸರವೂ ಇಲ್ಲದೆ, "ಮೀನು" ಎಂದ.

ನನ್ನವರ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಕುಮಟಾಕ್ಕೆ ತಿಂಗಳಿಗೊಮ್ಮೆ ಧಾರವಾಡದಿಂದ ಬರುವ ಮಾತಿನ ತರಬೇತಿಯ ಹುಡುಗಿ ಎಷ್ಟೋ ತಿಂಗಳು ಚಿತ್ರದ ಕಾರ್ಡು ಹಿಡಿದು ನೀರು, ಹಾಲು, ಅಮ್ಮ ಎಂದು ಗಂಟಲು ಹರಿದುಕೊಂಡಿದ್ದಳು. ಪ್ರಾಣಿಗಳ ಕಟ್ಟಿನಲ್ಲಿ ಮೀನಿನ ಕಾರ್ಡೂ ಒಂದಿತ್ತು ಎಂಬುದು ನನಗೆ ಆಗ ನೆನಪಾಯಿತು.

ಏನೂ ಕೇಳದವಳಂತೆ ನಾನು ಸಾರಿನ ಪಾತ್ರೆಗೆ ಕೈ ಹಾಕಿದೆ. ಅವನಿಗೆ ನನ್ನ ಮೇಲೆ ಕರುಣೆ ಇರಲಿಲ್ಲ. ಕೊನೆಯ ಅಕ್ಷರವನ್ನು ಪೂರ್ತಿ ಬಿಡಿಸಿ ಮತ್ತೊಮ್ಮೆ ಹೇಳಿದ, "ಮೀ-ನು."

"ಆಯಿ! ಮಾಣಿ ಮಾತಾಡಿದ!" ಎಂದರು ನನ್ನವರು. ಕಣ್ಣಲ್ಲಿ ನೀರು, ಮುಖದಲ್ಲಿ ಗಾಬರಿ, ಎರಡೂ ಒಟ್ಟಿಗೇ.

"ಕೇಳ್ತು" ಎಂದರು ಅತ್ತೆ. "ನಂಗೆ ಕಿವಿ ಸರಿ ಇದ್ದು."

ಅವರು ಎಲೆ ಮಡಿಸಿ ಎದ್ದುಹೋದರು. ಮೊಸರನ್ನಕ್ಕೆ ಕೂರಲಿಲ್ಲ.

ಭಟ್ಕಳಕ್ಕೆ ಫೋನ್ ಮಾಡಿ ಈ ಸುದ್ದಿ ಹೇಳಿದೆ. ಗೆಳತಿ ತಟ್ಟನೆ ಕೇಳಿದರು, "ಅಕ್ಕಾ, ನೀವು ಡಬ್ಬಿಗೆ ಹಸಿರು ಹಸಿರು ಮಜ್ಜಿಗೆ ಹಾಕ್ತೀರಾ?"

"ತಂಬುಳಿ. ಒಂದೆಲಗದ್ದು."

"ಹಾಂ! ನಮ್ಮ ಹುಡುಗಿ ಮನೇಲಿ ದಿನಾ ಅದಕ್ಕೇ ಹಠ. ಮೊಸರು ಕೊಟ್ರೆ ಬೇಡ, ಹಿತ್ತಲಿನ ಎಲೆ ತೋರಿಸ್ತಾಳೆ. ನಾನು ಏನೋ ಆಗಿದೆ ಅಂತ ದರ್ಗಾಕ್ಕೆ ಹೋಗಿ ಬಂದೆ!" ಅವರು ನಗತೊಡಗಿದರು. "ಎಂತ ಕೈಗುಣ ಅಕ್ಕಾ ನಮ್ದು!"

ನನಗೆ ನಗು ಬರಲಿಲ್ಲ. ನನಗೆ ಮುಳ್ಳಿನ ಚಿಂತೆ ಹತ್ತಿತ್ತು. ಹುಟ್ಟಿದಾಗಿನಿಂದ ಬೆಂಡೆಕಾಯಿಯ ಬೀಜವನ್ನೂ ಉಗುಳುವ ಹುಡುಗ ಮುಳ್ಳನ್ನು ಏನು ಮಾಡುತ್ತಾನೆ? ಸೋಮವಾರ ಅವನ ಜೊತೆ ವ್ಯಾನಿನಲ್ಲಿ ನಾನೂ ಕುಮಟಾಕ್ಕೆ ಹೋದೆ. ಊಟದ ಹೊತ್ತಿಗೆ ಕಿಟಕಿಯ ಹೊರಗೆ ನಿಂತು ನೋಡಿದೆ.

ಇಬ್ಬರೂ ಎದುರುಬದುರು ಕೂತರು. ಡಬ್ಬಿಗಳು ಅದಲು ಬದಲಾದವು, ಬ್ಯಾಂಕಿನಲ್ಲಿ ಆಗುವಷ್ಟು ಶಿಸ್ತಿನಿಂದ. ಹುಡುಗಿ ಮೊದಲು ಬಂಗಡೆಯನ್ನು ತನ್ನ ಕಡೆ ಎಳೆದುಕೊಂಡು, ನಿಧಾನವಾಗಿ ನಡುಮುಳ್ಳು ಬಿಡಿಸಿದಳು. ಚಿಕ್ಕ ಮುಳ್ಳುಗಳನ್ನು ಒಂದೊಂದಾಗಿ ಡಬ್ಬಿಯ ಮುಚ್ಚಳದ ಅಂಚಿಗೆ ಒರೆಸಿದಳು. ವರ್ಷಗಟ್ಟಲೆ ಕಲಿಸಿದರೂ ಅಂಗಿಯ ಗುಂಡಿ ಹಾಕಲು ಬಾರದ ಬೆರಳುಗಳು ಅವು. ನನ್ನ ಮಗ ಕೈಕಟ್ಟಿ ಕಾದ. ಅವಳು ಡಬ್ಬಿ ಮುಂದೆ ತಳ್ಳಿದ ಮೇಲೆಯೇ ಮುಟ್ಟಿದ. ನನ್ನ ಕರವಸ್ತ್ರದಿಂದ ಹುಡುಗಿ ಬಾಯಿ ಒರೆಸಿಕೊಂಡಳು.

ಟೀಚರು ಹಿಂದಿನಿಂದ ಬಂದು, "ಹಂಚಿ ತಿನ್ನೋದು ಕಲಿತಿದಾರೆ ಮೇಡಂ, ನಮಗೆ ತುಂಬಾ ಖುಷಿ" ಎಂದರು.

ನಮ್ಮ ಕಾನ್ವೆಂಟಿನ ಸಿಸ್ಟರುಗಳೂ ಹಂಚಿ ತಿನ್ನಿ ಎಂದೇ ಕಲಿಸುತ್ತಿದ್ದರು. ಕಲಿಸಿ, ಊಟದ ಹೊತ್ತಿಗೆ ನಮ್ಮಂಥ ಮನೆಯ ಹುಡುಗಿಯರನ್ನು ಕಿಟಕಿ ಪಕ್ಕದ ಬೆಂಚಿನಲ್ಲಿ ಬೇರೆ ಕೂರಿಸುತ್ತಿದ್ದರು. ಹಾಗಾಗಿ ಆ ಪಾಠ ನನಗೆ ಬಾಯಿಪಾಠ ಮಾತ್ರ ಆಗಿತ್ತು.

ಮನೆಗೆ ಬಂದು ಕಂಡದ್ದನ್ನು ಕಂಡಹಾಗೆ ಹೇಳಿದೆ. ನನ್ನವರು ಪೇಪರು ಮಡಿಸಿದರು.

"ಇನ್ನು ಕಳ್ಸದು ಬ್ಯಾಡ."

"ಕಳ್ಸದಿದ್ರೆ ಆ ಒಂದು ಮಾತೂ ಹೋಗ್ತು" ಎಂದೆ.

"ಬೇರೆ ಮಾತು ಕಲೀತ."

"ಇಷ್ಟು ವರ್ಷ ಮನೆಲ್ಲೇ ಇದ್ದು ಎಂತ ಕಲ್ತ ಹೇಳಿ ನೋಡನ."

ಅವರು ಮತ್ತೆ ಪೇಪರು ಬಿಡಿಸಿದರು, ಅಲ್ಲಿಗೆ ತೀರ್ಮಾನ ಆಯಿತು. ಮರುದಿನ ವ್ಯಾನು ಬಂತು, ಹಾರ್ನ್ ಹಾಕಿತು, ಹೋಯಿತು. ಮಗ ಗೇಟಿನ ಸರಳು ಹಿಡಿದು ಅದು ತಿರುವಿನಲ್ಲಿ ಮರೆಯಾಗುವವರೆಗೆ ನಿಂತ. ಆಮೇಲೆ ಜಗಲಿಗೆ ಬಂದು ಗೋಡೆಗೆ ಮುಖ ಮಾಡಿ ಕೂತ. ಇಡೀ ದಿನ ಬಾಯಿ ಬಿಡಲಿಲ್ಲ, "ಮೀನು" ಕೂಡ ಹೇಳಲಿಲ್ಲ. ಮನೆ ಮೊದಲಿನಂತೆ ಶುದ್ಧವಾಗಿ, ಸದ್ದಿಲ್ಲದೆ ಇತ್ತು.

ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ನಮ್ಮಿಬ್ಬರನ್ನೂ ಕರೆದರು. ನಾನು ಸೆರಗು ಸರಿಮಾಡಿಕೊಂಡು, ಬೈಗುಳಕ್ಕೆ ತಯಾರಾಗಿ ನಿಂತೆ.

"ಹನ್ನೆರಡು ವರ್ಷ ತುಪ್ಪ ಅನ್ನ ಹಾಕಿದ್ಯ" ಎಂದರು ಅವರು ನನ್ನವರಿಗೆ. "ಒಂದಿನ ಬೇಕು ಹೇಳಿ ಕೇಳಿದ್ನಿಲ್ಲೆ. ಈಗ ಬಾಯಿ ಬಿಟ್ಟು ಕೇಳಿದ್ದ. ಕೇಳಿದ್ದು ಎಂತದ್ದೋ ಒಂದು. ಕಳ್ಸು."

"ಆಯಿ, ಅದು..."

"ಗೊತ್ತಿದ್ದು ನಂಗೆ ಅದು ಎಂತದು ಹೇಳಿ. ನಮ್ಮನೆ ಒಳಗೆ ಆಗ್ತಿಲ್ಲೆ. ಬಂದವ ಸೀದಾ ಬಾವಿಕಟ್ಟೆಗೆ ಹೋಗವು. ಮಿಂದಿಕ್ಕಿ ಒಳಗೆ ಬರವು. ಮೀಯದೆ ಇದ್ರೆ ಆನು ಮುಟ್ತ್ನಿಲ್ಲೆ. ಆತು, ಹೋಗಿ."

ಮರುದಿನ ವ್ಯಾನು ಅವನನ್ನು ಕರೆದುಕೊಂಡು ಹೋಯಿತು. ಸಂಜೆ ಅತ್ತೆ ಬಾವಿಕಟ್ಟೆಯ ಎದುರು ಮಣೆ ಹಾಕಿ ಕೂತಿದ್ದರು. ತೊಟ್ಟಿಯಲ್ಲಿ ನೀರು ತುಂಬಿಸಿ, ಸೋಪು, ಚೊಂಬು ಹತ್ತಿರ ಇಡಿಸಿದ್ದರು. ಮಿಂದು ಮುಗಿಯುವವರೆಗೆ ಅವನನ್ನು ಅವರು ಮುಟ್ಟುವಂತಿಲ್ಲ. ನಾನು ಮುಟ್ಟಿದರೆ ಸಂಜೆಯ ಅಡಿಗೆಗೆ ನಾನೂ ಮೀಯಬೇಕು. ಆದ್ದರಿಂದ ಅತ್ತೆ ಮುಟ್ಟದೆ ಬರೀ ಬಾಯಲ್ಲಿ ಮೀಯಿಸಿದರು. "ಕುತ್ತಿಗೆ ತಿಕ್ಕು. ಬೆನ್ನು. ಅಲ್ಲಲ್ಲ, ಬೆನ್ನು ಹಿಂದಿದ್ದು. ಮತ್ತೆ ಬೆನ್ನು."

ಕೇಂದ್ರದವರು ಸ್ನಾನ ಕಲಿಸಲೆಂದು ನಮ್ಮ ಬಚ್ಚಲಗೋಡೆಗೆ ಸೋಪು, ಚೊಂಬು, ಟವೆಲಿನ ಚಿತ್ರಗಳನ್ನು ಸಾಲಾಗಿ ಅಂಟಿಸಿ ಹೋಗಿದ್ದರು. "ನೀವು ಕೈ ಹಾಕಬೇಡಿ ಮೇಡಂ, ಅವನೇ ಮಾಡಲಿ" ಎಂದು ಪದೇ ಪದೇ ಹೇಳಿದ್ದರು. ಪ್ರೀತಿ ಇರುವ ತಾಯಿ ಕೈ ಹಾಕದೆ ಇರುತ್ತಾಳೆಯೇ? ನಾನು ಹಾಕುತ್ತಿದ್ದೆ, ಅವನು ಕಂಬದಂತೆ ನಿಂತು ತೊಳೆಸಿಕೊಳ್ಳುತ್ತಿದ್ದ, ಚಿತ್ರಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಈಗ ಮಡಿ ನನ್ನ ಕೈ ಕಟ್ಟಿಹಾಕಿತು. ದೀಪಾವಳಿಯ ಹೊತ್ತಿಗೆ ಅವನು ತಾನೇ ಮಿಂದು, ತಾನೇ ಒರೆಸಿಕೊಂಡು, ಕಿವಿಯ ಹಿಂದೆ ಮಾತ್ರ ಸೋಪು ಉಳಿಸಿಕೊಂಡು ಒಳಗೆ ಬರತೊಡಗಿದ.

ಧಾರವಾಡದ ಹುಡುಗಿಗೆ ನಂಬಲಾಗಲಿಲ್ಲ. "ಮಾತೂ ಬಂತು, ಸ್ನಾನವೂ ಬಂತು! ಯಾವ ವಿಧಾನ ಬಳಸಿದ್ರಿ ಮೇಡಂ?"

"ನಮ್ಮತ್ತೆ" ಎಂದೆ.

ಅವಳು "ಕುಟುಂಬದ ಸಹಕಾರ ಚೆನ್ನಾಗಿದೆ" ಎಂದು ಬರೆದುಕೊಂಡು, ಹೋಗುವಾಗ ಇನ್ನೊಂದು ಮಾತು ಹೇಳಿದಳು. ಅವನು ಯಾವ ಪದ ಹೇಳಿದರೂ ಮನೆಯ ಪ್ರತಿಯೊಬ್ಬರೂ ಅದನ್ನೇ ತಿರುಗಿ ಹೇಳಿ ಉತ್ತರ ಕೊಡಬೇಕು, ಆಗಲೇ ಮಾತು ಬೆಳೆಯುತ್ತದೆ, ಇಲ್ಲವಾದರೆ ಇರುವುದೂ ಬತ್ತುತ್ತದೆ. ಪ್ರತಿಯೊಬ್ಬರೂ ಎಂದು ಒತ್ತಿ ಹೇಳಿದಳು. ಅದನ್ನು ನಾನು ಮನೆಯಲ್ಲಿ, ಯಾರ ಮುಖವನ್ನೂ ನೋಡದೆ, ಹೇಳಿದೆ.

ಕಳೆದ ಭಾನುವಾರ ಬೆಳಿಗ್ಗೆ ಅವನು ಎಂದಿನಂತೆ ಚೀಲ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದ. ಅತ್ತೆ ಮಿಂದು ಒದ್ದೆ ಸೀರೆಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ಅವನು ಅವರ ಕಡೆ ತಿರುಗಿ, "ಮೀನು" ಎಂದ. ಅವರು ನೀರು ಹಾಕಿ ಮುಗಿಸಿದರು. ಅವನು ಕಾಯುತ್ತಿದ್ದ. ಅವರು ಬೇಲಿಯ ಆಚೆ ಈಚೆ ಒಮ್ಮೆ ನೋಡಿದರು. ಪಕ್ಕದ ಮನೆಯವರು ಅಂಗಳದಲ್ಲೇ ಹೂ ಕೊಯ್ಯುತ್ತಿದ್ದರು.

"ಇವತ್ತು ವ್ಯಾನು ಇಲ್ಲೆ ಮಾಣಿ" ಎಂದರು ಅತ್ತೆ. ಒಂದು ಉಸಿರು ಬಿಟ್ಟು, "ಮೀನು ನಾಳೆ" ಎಂದರು.

ಅವನು ಚೀಲ ತೆಗೆದು ಕೆಳಗಿಟ್ಟ. ಅತ್ತೆ ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸಿ, ಪೂಜೆಗೆ ಒಳಗೆ ನಡೆದರು.