ಕೊಪ್ಪರಿಗೆಯ ಹೊಳಪು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಶಿವಮೊಗ್ಗದ ದುರ್ಗಿಗುಡಿಯ ಆಸ್ಪತ್ರೆಯಲ್ಲಿ ನನ್ನ ಮಗಳು ಗಿರಿಜಾ ಹೆತ್ತಳು. ಇವತ್ತು ಬೆಳಿಗ್ಗೆ ತಾಯಿ, ಮಗು ಇಬ್ಬರೂ ನವುಲೆಯ ಅಳಿಯನ ಮನೆಗೆ ಬಂದರು. ಮಗುವಿಗೆ ತಲೆ ತುಂಬ ಕೂದಲು. ಯಾರ ಮೇಲೋ ಜಗಳಕ್ಕೆ ನಿಂತ ಹಾಗೆ ಮುಷ್ಟಿ ಬಿಗಿಹಿಡಿದು ಮಲಗಿದೆ. ನಾನು ಆಟೋದವನಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ದಾರಿಯಲ್ಲಿ ಸಿಕ್ಕ ಗುರುತಿಲ್ಲದ ಹೆಂಗಸನ್ನು ನಿಲ್ಲಿಸಿ ಅವಳಿಗೂ ಹೇಳಿದೆ. ಅಳಿಯ, "ಅತ್ತೆ, ಮೈಕ್ ಕಟ್ಟಿಸಿಬಿಡ್ಲಾ?" ಅಂತ ತಮಾಷೆ ಮಾಡಿದರು. "ಕಟ್ಟಿಸಪ್ಪ" ಅಂದೆ.

ಇಷ್ಟೊಂದು ಕುಣಿದಾಟ ಯಾಕೆ ಎಂದರೆ, ಮದುವೆಯಾಗಿ ಆರು ವರ್ಷ ಗಿರಿಜಾಗೆ ಮಕ್ಕಳಾಗಿರಲಿಲ್ಲ. ಭದ್ರಾವತಿಯ ನಮ್ಮ ಬೀದಿಯಲ್ಲಿ ಹೆಂಗಸರು ನನಗೆ ಕೇಳಿಸುವ ಹಾಗೆಯೇ, "ಚಿಕ್ಕವಳಿದ್ದಾಗ ಹೊಟ್ಟೆಗೆ ವಿಷ ಹೋಗಿತ್ತಲ್ಲ, ಇನ್ನೆಲ್ಲಿ" ಎನ್ನುತ್ತಿದ್ದರು. ನನಗೂ ಅದೇ ಭಯವಿತ್ತು. ಆ ದಿನದ ಸಂಗತಿಯನ್ನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ. ಇವತ್ತು ಬರೆಯುವ ಧೈರ್ಯ ಬಂದಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅದು ತೊಂಬತ್ತೊಂದನೇ ಇಸವಿ. ಭದ್ರಾವತಿಯ ಹಳೇನಗರದಲ್ಲಿ ನಮ್ಮ ಸಮಾಜದ ದತ್ತಿಯ ಕಟ್ಟಡವಿದೆ. ಅಲ್ಲಿ ನಾನು ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅಧ್ಯಕ್ಷರಾದ ರುದ್ರಪ್ಪನವರು ಕರೆದು ಕೊಟ್ಟ ಕೆಲಸ ಅದು. ಅವರು ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು, ಮಾತು ಕಡಿಮೆ. ದತ್ತಿ ಎಂದರೆ ಜನ ಹೊಲ, ಅಂಗಡಿ ಬಾಡಿಗೆ ಎಂದುಕೊಳ್ಳುತ್ತಾರೆ. ನಮ್ಮದರಲ್ಲಿ ದೊಡ್ಡ ಆಸ್ತಿ ಎಂದರೆ ಪಾತ್ರೆಗಳು. ಮನೆಯ ಹಿರಿಯರು ಶಿವನ ಪಾದ ಸೇರಿದಾಗ ಅವರ ಹೆಸರಿನಲ್ಲಿ ಸಮಾಜಕ್ಕೆ ಒಂದು ತಾಮ್ರದ ಪಾತ್ರೆ ಕೊಡುವ ಪದ್ಧತಿ ಇತ್ತು. ಹಂಡೆ, ಕೊಳಗ, ನಾಲ್ಕು ಜನ ಹೊರಬೇಕಾದ ಕೊಪ್ಪರಿಗೆ. ಅಂಚಿನಲ್ಲಿ ಚುಕ್ಕಿ ಹೊಡೆದು ಕೆತ್ತಿದ ಹೆಸರು. ಬಡವರ ಮನೆ ಮದುವೆಯಾದರೂ ಸರಿ, ಸಾವುಕಾರರ ಮನೆಯದಾದರೂ ಸರಿ, ಅದೇ ಪಾತ್ರೆಗಳು ಹೋಗಿ ಬರುತ್ತಿದ್ದವು. ಕೆಲವರಂತೂ ಪಾತ್ರೆಯನ್ನು ಮನುಷ್ಯರ ಹಾಗೆ ಕರೆಯುತ್ತಿದ್ದರು: "ಶಾಂತಕ್ಕ, ನಮ್ಮ ತಾತನ್ನ ಕಳಿಸಿಕೊಡಿ."

ತಾಮ್ರಕ್ಕೆ ಒಳಗೆ ಕಲಾಯಿ ಬೇಕು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿ, ಕರಗಿದ ತವರವನ್ನು ಹತ್ತಿಯಲ್ಲಿ ಒಳಗೆಲ್ಲ ಸವರುತ್ತಾರೆ. ಮೊದಲು ಬೆಳ್ಳಿಯ ಹಾಗೆ ಇರುತ್ತದೆ, ಅಡುಗೆ ಮಾಡುತ್ತಾ ಮಾಡುತ್ತಾ ಬೂದು ಬಣ್ಣಕ್ಕೆ ತಿರುಗುತ್ತದೆ. ವರ್ಷಕ್ಕೊಮ್ಮೆ ಬರುತ್ತಿದ್ದ ಕಲಾಯಿ ಸಾಬರು ಪ್ರತಿ ಸಲವೂ ಒಂದೇ ಮಾತು ಹೇಳಿ ಹೋಗುತ್ತಿದ್ದರು. "ಅಮ್ಮಾ, ಒಳಗಿನ ಬಿಳುಪೇ ಇದರ ಜಾನ್. ಅದು ಹೋದ್ರೆ ತಾಮ್ರ ಹುಳಿ ಜೊತೆ ದುಷ್ಮನಿ ಮಾಡ್ತದೆ."

ಶ್ರಾವಣದ ಒಂದು ಸೋಮವಾರ, ಪಾತ್ರೆ ಕೊಟ್ಟ ಹಿರಿಯರನ್ನೆಲ್ಲ ನೆನೆದು ದಾಸೋಹ ನಡೆಯುತ್ತದೆ. ಸಂಬಳದವರು ಎಂದರೆ ನಾನು, ಅಡುಗೆ ಬಸಣ್ಣ, ಕಸ ಗುಡಿಸುವವಳು. ಉಳಿದ ಕೆಲಸವೆಲ್ಲ ಯುವಕ ಸಂಘದವರದು. ಅವರ ಮುಂದಾಳು ಮಂಜ, ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಶಿಫ್ಟ್ ಮುಗಿಸಿ ಸೀದಾ ಬಂದು ನೀರು ಹೊರುತ್ತಿದ್ದ. ಒಂದು ಲೋಟ ಕಾಫಿಯನ್ನೂ ಬಿಟ್ಟಿ ಕುಡಿದವನಲ್ಲ.

ದಾಸೋಹದ ಹಿಂದಿನ ಎರಡು ದಿನ ನಾನು ದಿನಸಿಗೆಂದು ಶಿವಮೊಗ್ಗದ ಬಜಾರಿಗೆ ಓಡಾಡುತ್ತಿದ್ದೆ. ಬೀಗದ ಕೈ ಮಂಜನಿಗೆ ಕೊಟ್ಟು ಹೋಗಿದ್ದೆ. ಭಾನುವಾರ ಸಂಜೆ ಬಂದಾಗ ಅಂಗಳದಲ್ಲಿ ಕೊಪ್ಪರಿಗೆಗಳು ಬೋರಲು ಬಿದ್ದಿದ್ದವು. ಹೊರಮೈ ನೋಡಿದರೆ ಕೆಂಪಗೆ, ಕೆಂಡದ ಹಾಗೆ. ರುದ್ರಪ್ಪನವರು ಸುತ್ತ ತಿರುಗಿ ನೋಡಿ, "ಭಲೇ ಮಂಜ, ನಮ್ಮ ಹಿರಿಯರು ಈಗ ಸ್ನಾನ ಮಾಡಿ ಎದ್ದಂಗಿದಾರೆ" ಎಂದರು. ಅವರು ಅಷ್ಟು ಹೊಗಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಂಜ ಅಂಗೈ ತೋರಿಸಿ ನಕ್ಕ. ಚರ್ಮ ಸುಲಿದುಹೋಗಿತ್ತು. ಅಷ್ಟು ಸುಲಿಯುವ ಹಾಗೆ ಏನನ್ನು ಉಜ್ಜಿದ ಎಂದು ಮನಸ್ಸಿಗೆ ಒಂದು ಗಳಿಗೆ ಬಂತು. ಅಷ್ಟರಲ್ಲಿ ಅಕ್ಕಿ ಮೂಟೆ ಇಳಿಸಿಕೊಳ್ಳಿ ಎಂದು ಲಾರಿಯವನು ಕೂಗಿದ. ಆ ಯೋಚನೆ ಅಲ್ಲಿಗೇ ನಿಂತಿತು.

ಸೋಮವಾರ ಬೆಳಕು ಹರಿಯುವ ಮೊದಲೇ ಬಸಣ್ಣ ಒಲೆ ಹಚ್ಚಿದ. ಮಳೆಗೆ ಸೌದೆ ಹಸಿ, ಅಡುಗೆಮನೆ ತುಂಬ ಹೊಗೆ. ಬೇಳೆ ಬೆಂದಿತು, ಕುಂಬಳಕಾಯಿ ಬಿತ್ತು, ಹುಣಸೆ ರಸ ಬಿತ್ತು. ಹುಳಿಯ ವಾಸನೆ ಬೀದಿಯವರೆಗೆ ಹೋಯಿತು.

ನಮ್ಮಲ್ಲಿ ದೊಡ್ಡವರು ಪೂಜೆ ಮುಗಿಯುವವರೆಗೆ ಕಾಯುತ್ತಾರೆ. ಮಕ್ಕಳನ್ನು ಕಾಯಿಸುವುದಿಲ್ಲ, ಅವರ ಪಂಕ್ತಿ ಮೊದಲು. ನನ್ನ ಗಿರಿಜಾಗೆ ಆಗ ಎಂಟು ವರ್ಷ. ಅವಳು ಕುಂಬಳಕಾಯಿ ಹುಳಿ ಎಂದರೆ ಪ್ರಾಣ ಬಿಡುತ್ತಿದ್ದಳು. ಉಗ್ರಾಣದವಳ ಮಗಳು ಎಂಬ ಪ್ರೀತಿಗೆ ಬಸಣ್ಣ ಅವಳಿಗೆ ಕೇಳಿದಷ್ಟು ಸಲ ಬಡಿಸಿದ. "ತಿನ್ನೇ ಮಾರಾಯ್ತಿ, ನಿಮ್ಮವ್ವನ ಉಗ್ರಾಣ ಖಾಲಿ ಮಾಡು" ಎಂದು ಅವನು ಹೇಳಿದ್ದು ನನಗೆ ಪಕ್ಕದ ಕೋಣೆಗೆ ಕೇಳಿಸಿತು.

ಮಕ್ಕಳು ಎದ್ದರು. ದೊಡ್ಡವರಿಗೆ ಎಲೆ ಹಾಕಿದರು. ಬಕೆಟ್ಟಿಗೆ ಹುಳಿ ತುಂಬಿಸೋಣ ಎಂದು ನಾನು ಅಡುಗೆಮನೆಗೆ ಹೋದೆ. ಅಷ್ಟು ಹೊತ್ತಿಗೆ ಹೊಗೆ ತಿಳಿಯಾಗಿ ಕಿಟಕಿಯ ಬೆಳಕು ಕೊಪ್ಪರಿಗೆಯ ಒಳಗೆ ಬೀಳುತ್ತಿತ್ತು. ಹುಳಿ ಕೆಳಗಿಳಿದಿತ್ತು. ಅದು ಮೊದಲು ಮುಟ್ಟಿದ್ದ ಜಾಗದಿಂದ ಮೇಲಕ್ಕೆ ಕೆಂಪು ತಾಮ್ರ ಹೊಳೆಯುತ್ತಿತ್ತು, ಬೂದು ಬಣ್ಣ ಎಲ್ಲೂ ಇರಲಿಲ್ಲ. ಹುಳಿಯ ಅಂಚಿನಲ್ಲಿ ಸುತ್ತಲೂ ತೆಳ್ಳಗೆ ಒಂದು ಹಸಿರು ಗೆರೆ. ಬೆರಳಿನಿಂದ ಮುಟ್ಟಿದೆ. ಕಿಲುಬು.

"ಬಸಣ್ಣ, ಏನೋ ಇದು?"

ಅವನು ಬಗ್ಗಿ ನೋಡಿದ. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ಕತ್ತಲಲ್ಲಿ ಏನು ಕಾಣುತ್ತೆ ಅಕ್ಕ... ನೀರು ಹಾಕಿಟ್ಟಿದ್ರು, ಹಂಗೇ ಒಲೆಗೆ ಏರಿಸ್ದೆ."

ಮಂಜ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಒಳಗೆಲ್ಲ ಬೂದು ಹಿಡಿದಿತ್ತಕ್ಕ" ಎಂದ. "ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಎರಡು ದಿನ ತಿಕ್ಕಿದ್ವಿ. ಹಿರಿಯರ ಪಾತ್ರೆ ಅಲ್ವಾ, ಕೊಳೆ ಇರಬಾರ್ದು ಅಂತ."

ಕೊಳೆ ಎಂದುಕೊಂಡು ಕಲಾಯಿಯನ್ನೇ ತಿಕ್ಕಿ ತೆಗೆದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಯಾರೋ ಸೆರಗು ಎಳೆದರು. ಗಿರಿಜಾ.

"ಅವ್ವಾ, ಬಾಯೆಲ್ಲ ಕಾಸು ನೆಕ್ಕಿದಂಗೆ ಆಗ್ತಿದೆ."

ಹೇಳಿದವಳೇ ನನ್ನ ಕಾಲ ಮೇಲೆ ವಾಂತಿ ಮಾಡಿಕೊಂಡಳು. ಅದರಲ್ಲಿ ಹಸಿರು ಬೆರೆತಿತ್ತು. ಅಂಗಳದಲ್ಲಿ ಇನ್ನೊಂದು ಮಗು ಅಳತೊಡಗಿತು, ಅದರ ಹಿಂದೆ ಮತ್ತೊಂದು. ಮಂಜನ ಮುಖ ನೋಡಲಾಗಲಿಲ್ಲ. ಗಿರಿಜಾಳನ್ನು ಅವನ ತೋಳಿಗೆ ಹಾಕಿ, "ಆಸ್ಪತ್ರೆಗೆ ಓಡು. ಉಳಿದ ಮಕ್ಕಳನ್ನೂ ನಿಮ್ಮ ಹುಡುಗರು ಎತ್ಕೊಂಡು ಬರ್ಲಿ" ಎಂದೆ. ನಾನೇ ಹೋಗಬೇಕಿತ್ತು. ಆದರೆ ಒಳಗೆ ಜನ ಎಲೆಯ ಮುಂದೆ ಕುಳಿತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಅಡುಗೆ ಶಿವನಿಗೆ ಅರ್ಪಣೆ ಆಗುವವರೆಗೆ ಬರೀ ಅಡುಗೆ. ಆದ ಮೇಲೆ ಅದು ಪ್ರಸಾದ. ನಮ್ಮ ಹಿರಿಯರು ಪ್ರಸಾದದ ಒಂದು ಅಗುಳನ್ನೂ ಬಿಡುವವರಲ್ಲ. ತಟ್ಟೆ ತೊಳೆದ ನೀರನ್ನೂ ಕುಡಿಯುವವರು. ಅರ್ಪಣೆ ಆಗಿಬಿಟ್ಟರೆ, ಕಿಲುಬು ಹಿಡಿದಿದೆ ಎಂದು ಗೊತ್ತಿದ್ದೂ ಉಣ್ಣುವ ಜನ ಆ ಪಂಕ್ತಿಯಲ್ಲಿದ್ದರು.

ನಾನು ಓಡಿದೆ. ಪೂಜೆಯ ಕೋಣೆಯಲ್ಲಿ ನೈವೇದ್ಯದ ಹೊತ್ತಾಗಿತ್ತು. ಬಾಳೆ ಎಲೆಯ ಮೇಲೆ ಅನ್ನ, ಪಾಯಸ, ಹುಳಿ ಇಟ್ಟಿದ್ದರು. ರುದ್ರಪ್ಪನವರು ಉದ್ಧರಣೆಯಲ್ಲಿ ನೀರು ತೆಗೆದುಕೊಂಡಿದ್ದರು. ಅದನ್ನು ಎಲೆಯ ಸುತ್ತ ಬಿಟ್ಟರೆ ಮುಗಿಯಿತು. ಹೆಂಗಸರು ಒಳಗೆ ಹೋಗುವ ಹೊತ್ತಲ್ಲ ಅದು. ಹೊಸಿಲ ಹೊರಗಿನಿಂದಲೇ ಕೂಗಿದೆ.

"ಬಿಡಬೇಡಿ ಸರ್! ಕಲಾಯಿ ಹೋಗಿದೆ. ಹುಳಿ ವಿಷ ಆಗಿದೆ. ಮಕ್ಕಳು ವಾಂತಿ ಮಾಡ್ಕೊಳ್ತಿದಾರೆ."

ಅವರ ಕೈ ಹಾಗೇ ನಿಂತಿತು. "ನಿನ್ನ ಮಗಳು?" ಎಂದು ಒಂದೇ ಮಾತು ಕೇಳಿದರು. ನಾನು ತಲೆಯಾಡಿಸಿದೆ. ಅವರು ಉದ್ಧರಣೆಯ ನೀರನ್ನು ತಿರುಗಿ ಪಂಚಪಾತ್ರೆಗೆ ಸುರಿದು ಎದ್ದರು.

ಊಟದ ಹಾಲ್‌ನಲ್ಲಿ ವಿಷಯ ಹೇಳಿದಾಗ ಗದ್ದಲವೆದ್ದಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ಆ ಕೊಪ್ಪರಿಗೆಯ ಮೇಲೆ ಹೆಸರಿದ್ದವರ ಮಗ, ಕುಳಿತಲ್ಲಿಂದಲೇ ಗುಡುಗಿದರು. "ಎಲೆ ಮುಂದೆ ಕೂತೋರನ್ನ ಎಬ್ಬಿಸ್ತೀರೇನ್ರಿ? ನಮ್ಮಪ್ಪನ ಕೊಪ್ಪರಿಗೆಯಿಂದ ವಿಷ ಬರುತ್ತಾ? ಬಡಿಸಿ, ನಾನು ಮೊದ್ಲು ಉಣ್ತೀನಿ."

"ಹೌದೌದು, ಬಡಿಸಿ" ಎಂದು ಇನ್ನಿಬ್ಬರು ದನಿಗೂಡಿಸಿದರು.

ರುದ್ರಪ್ಪನವರು ವಾದ ಮಾಡಲಿಲ್ಲ. ಆ ಹಿರಿಯರ ಪಕ್ಕದಲ್ಲಿ ತಮಗೆಂದು ಹಾಕಿದ್ದ ಎಲೆಯ ಮುಂದೆ ಹೋಗಿ ಕುಳಿತರು. ಖಾಲಿ ಎಲೆ. ಅದಕ್ಕೆ ಕೈಮುಗಿದು, ಉಂಡು ಮುಗಿಸಿದವರ ಹಾಗೆ ಮಡಿಚಿದರು.

"ನಿಮ್ಮ ತಂದೆಯವರು ನನಗೂ ಅನ್ನ ಹಾಕಿದೋರು. ಅವರ ಹೆಸರಲ್ಲಿ ಇವತ್ತು ನನ್ನ ಊಟ ಆಯ್ತು" ಎಂದು ಎದ್ದು ನಿಂತರು.

ಆ ಹಿರಿಯರು ತಮ್ಮ ಎಲೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವರೂ ಮಡಿಚಿದರು. ಸಾಲಿನ ಕೊನೆಯವರೆಗೂ ಖಾಲಿ ಎಲೆಗಳನ್ನು ಮಡಿಚುವ ಸದ್ದು ಹೋಯಿತು. ಹಿತ್ತಿಲಲ್ಲಿ ಗುಂಡಿ ತೋಡಿ ಹುಳಿಯನ್ನೆಲ್ಲ ಸುರಿದು ಮಣ್ಣು ಮುಚ್ಚಿದರು. ನಾನು ಅದನ್ನು ನೋಡಲು ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಉಳಿದ ಮಕ್ಕಳು ಸಂಜೆಯ ಹೊತ್ತಿಗೆ ಸುಧಾರಿಸಿಕೊಂಡರು. ಗಿರಿಜಾ ಕಣ್ಣು ಬಿಡಲಿಲ್ಲ. ಎಲ್ಲರಿಗಿಂತ ಹೆಚ್ಚು ಉಂಡವಳು ಅವಳು. ಡಾಕ್ಟರು, "ಕಿಡ್ನಿಗೆ ಏನಾಗಿದೆಯೋ ನೋಡ್ಬೇಕಮ್ಮ, ಬೆಳಗಾಗ್ಲಿ" ಎಂದರು. ಬೆಳಗಾಗುವವರೆಗಿನದನ್ನು ನಾನು ಬರೆಯಲಾರೆ. ಬೆಳಿಗ್ಗೆ ಮಗು ನೀರು ಕೇಳಿತು.

ಹೊರಗೆ ಬಂದರೆ ವರಾಂಡದ ಕಂಬಕ್ಕೆ ಒರಗಿ ಮಂಜ ಕುಳಿತಿದ್ದ. ಒಳಗೆ ಬರುವ ಧೈರ್ಯ ಅವನಿಗಿರಲಿಲ್ಲ. ಸುಲಿದ ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಅವನ ಮೇಲೆ ಕೂಗಾಡಬೇಕೆಂದು ಎಷ್ಟೋ ಮಾತು ಕೂಡಿಸಿಟ್ಟಿದ್ದೆ. ಆ ಕೈ ನೋಡಿ ಒಂದೂ ಬರಲಿಲ್ಲ. "ನೀರು ಕುಡಿದ್ಲು ಕಣೋ" ಎಂದೆ. ಅವನು ಗೋಡೆಗೆ ಮುಖ ತಿರುಗಿಸಿ ಅತ್ತ.

ಆಮೇಲಿನ ಸಭೆಯಲ್ಲಿ ಕೆಲವರು ಮಂಜನನ್ನು ದತ್ತಿಯ ಬಾಗಿಲಿಗೆ ಸೇರಿಸಬೇಡಿ ಎಂದರು. ಇನ್ನು ಕೆಲವರು ತಾಮ್ರವನ್ನೆಲ್ಲ ಮಾರಿ ಸ್ಟೀಲ್ ತನ್ನಿ ಎಂದರು. ನನ್ನನ್ನು ಕೇಳಿದಾಗ, "ಅವನೇ ಪಾತ್ರೆ ಹೊತ್ಕೊಂಡು ಸಾಬರ ಹತ್ರ ಹೋಗ್ಲಿ, ಕಲಾಯಿ ಆಗೋವರೆಗೂ ಅಲ್ಲೇ ಕೂತು ತಿದಿ ಒತ್ಲಿ" ಎಂದೆ. ಹಾಗೇ ಆಯಿತು. ಸಾಬರು ಮೊದಲ ಕೊಪ್ಪರಿಗೆ ನೋಡಿ, "ಯಾ ಅಲ್ಲಾ, ಇಷ್ಟು ಮೊಹಬ್ಬತ್‌ನಿಂದ ಯಾರಪ್ಪಾ ಹಾಳು ಮಾಡಿದ್ದು!" ಎಂದರಂತೆ. ಅವತ್ತಿನಿಂದ ಒಲೆ ಹಚ್ಚುವ ಮೊದಲು ಸಂಬಳದವರಲ್ಲಿ ಒಬ್ಬರು, ಸೇವೆಗೆ ಬಂದವರಲ್ಲಿ ಒಬ್ಬರು ದೀಪ ಹಿಡಿದು ಪಾತ್ರೆಯ ಒಳಗೆ ನೋಡಬೇಕೆಂದಾಯಿತು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಸಂಬಳಕ್ಕೆ ಬಂದವರು ಹೇಳಿದಷ್ಟು ಮಾಡುತ್ತಾರೆ. ಪ್ರೀತಿಯಿಂದ ಬಂದವರು ಹೇಳದ್ದನ್ನೂ ಮಾಡುತ್ತಾರೆ. ಅಂಥವರ ಕೈಗೆ ಬೀಗದ ಕೈ ಕೊಟ್ಟರೆ ಸಾಲದು. ಯಾವುದನ್ನು ಮುಟ್ಟಬಾರದು, ಯಾಕೆ ಮುಟ್ಟಬಾರದು ಎಂದು ಪಕ್ಕದಲ್ಲಿ ಕುಳಿತು ಹೇಳಬೇಕು.

ನಾನು ಬಿಟ್ಟ ಮೇಲೆ ಈಗ ಮಂಜನೇ ಉಗ್ರಾಣ ನೋಡಿಕೊಳ್ಳುತ್ತಾನೆ. ಇವತ್ತು ಸಂಜೆ ಭದ್ರಾವತಿಯಿಂದ ಆಟೋ ಮಾಡಿಕೊಂಡು ಬಂದ. ಬಾಣಂತಿ ನೀರಿಗೆಂದು ಸಮಾಜದ ತಾಮ್ರದ ಹಂಡೆ ತಂದಿದ್ದ. ಇಳಿಸಿದ್ದೇ, "ಶಾಂತಕ್ಕ, ಹೊರಗೆ ಮಾತ್ರ ಉಜ್ಜಿದೀನಿ. ಒಳಗೆ ಮುಟ್ಟಿಲ್ಲ" ಎಂದ. ನನಗೆ ನಗು ಬಂತು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಅವನ ತೋಳಿಗೆ ಮಗುವನ್ನು ಹಾಕಿದೆ. ಅವತ್ತು ಇದರ ತಾಯಿಯನ್ನು ಎತ್ತಿಕೊಂಡು ಓಡಿದ ತೋಳು.

ರಾತ್ರಿ ಊಟಕ್ಕೆ ನಡುಮನೆಯಲ್ಲಿ ಎಲ್ಲರೂ ಸುತ್ತ ಕುಳಿತೆವು. ಅಳಿಯ, ಬೀಗರು, ಬೀಗಿತ್ತಿ, ಮಂಜ, ಗೋಡೆಗೆ ಒರಗಿ ಗಿರಿಜಾ, ಪಕ್ಕದ ಮೊರದಲ್ಲಿ ಮಗು. ಗಿರಿಜಾಗೆ ಮೆಣಸಿನ ಸಾರು, ಉಳಿದವರಿಗೆ ಕುಂಬಳಕಾಯಿ ಹುಳಿ.

"ಅವ್ವಾ, ನನಗೂ ಒಂದೇ ಒಂದು ಸೌಟು" ಎಂದಳು.

"ಬಾಣಂತಿಗೆ ಹುಳಿ ಕೊಡ್ತಾರೇನೇ?" ಎಂದು ಬೀಗಿತ್ತಿ ರೇಗಿದರು.

ಗಿರಿಜಾ ತಟ್ಟೆ ಮುಂದೆ ಚಾಚಿಯೇ ಇದ್ದಳು. ನಾನು ಸೌಟು ಎತ್ತಿಕೊಂಡೆ. ಸ್ಟೀಲ್ ಪಾತ್ರೆ, ನಾನೇ ಮಾಡಿದ ಹುಳಿ. ಆದರೂ ಬಗ್ಗಿ ಒಂದು ಸಲ ಒಳಗೆ ನೋಡಿದೆ. ನೋಡಿ, ಅರ್ಧ ಸೌಟು ಬಡಿಸಿದೆ.